ಅರ್ಧಕ್ಕೇ ನಿಂತ ಪಾಠಗಳು

ನಮ್ಮೂರಿನ ಶಾಲೆಗೆ ಒಂದೇ ಉದ್ದನೆಯ ಕೋಣೆ, ಏಳು ಸಾಲು ಬೆಂಚು, ಒಬ್ಬಳೇ ಟೀಚರು. ಆ ಟೀಚರು ನಾನೇ, ವಿಮಲಾಕ್ಷಿ. ಮೊದಲ ಸಾಲಿನಲ್ಲಿ ಒಂದನೇ ಕ್ಲಾಸು, ಕೊನೆಯ ಸಾಲಿನಲ್ಲಿ ಏಳನೇ ಕ್ಲಾಸು. ಹಿಂದಕ್ಕೆ ಹೋದಂತೆ ಮಕ್ಕಳೂ ಕಡಿಮೆ, ಗುಬ್ಬಿಗಳೂ ಕಡಿಮೆ. ಮುಂದಿನ ಸಾಲುಗಳಲ್ಲಿ ಒಬ್ಬೊಬ್ಬರ ಮೇಲೂ ಎರಡೋ ಮೂರೋ ಗುಬ್ಬಿ ಇದ್ದೇ ಇರುತ್ತವೆ. ನೆತ್ತಿಯ ಮೇಲೊಂದು, ಹೆಗಲ ಮೇಲೊಂದು, ತುಂಟ ಮಕ್ಕಳಾದರೆ ಜೇಬಿನಲ್ಲಿ ಇನ್ನೊಂದು. ನಮ್ಮ ಯೂನಿಫಾರಂ ಬೂದು ಬಣ್ಣದ್ದು, ಯಾಕೆಂದು ಬೇರೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಎಲ್ಲರೂ ಒಂದೊಂದು ಒದ್ದೆ ಬಟ್ಟೆ ತೆಗೆದು ಮುಂದಿನವರ ಬೆನ್ನು ಒರೆಸುತ್ತಾರೆ. ಹಿಂದೆ ಯಾರೂ ಇಲ್ಲದವರ ಬೆನ್ನು ಒರೆಸುವುದು ನನ್ನ ಪಾಲಿನ ಕೆಲಸ.

ಮಕ್ಕಳ ಬೆವರು ದೊಡ್ಡವರ ಬೆವರಿನ ವಾಸನೆಗೆ ತಿರುಗಿತೆಂದರೆ ಗುಬ್ಬಿಗಳಿಗೆ ಆಗಿಬರುವುದಿಲ್ಲ. ಹನ್ನೊಂದನೇ ವಯಸ್ಸಿಗೋ ಹನ್ನೆರಡಕ್ಕೋ ಒಂದು ದಿನ ಅವು ಸುಮ್ಮನೆ ಎದ್ದು ಹೋಗುತ್ತವೆ, ಮತ್ತೆ ಆ ತಲೆಯ ಮೇಲೆ ಕೂರುವುದಿಲ್ಲ. ಅದನ್ನೇ ನಾವು 'ಗುಬ್ಬಿ ಬಿಟ್ಟಿತು' ಎನ್ನುವುದು. ಗುಬ್ಬಿ ಬಿಟ್ಟ ನಿಮಿಷಕ್ಕೇ ಆ ಮಗು ದೊಡ್ಡವರು. ಪಾಠ ಎಲ್ಲಿಗೇ ಬಂದಿರಲಿ, ಪುಸ್ತಕ ಮುಚ್ಚಿ ಎದ್ದು ನಿಲ್ಲಬೇಕು. ನಾನು ಗಂಟೆ ಬಾರಿಸಿ, ಹಾಜರಿ ಪುಸ್ತಕದಲ್ಲಿ ಹೆಸರಿಗೆ ಕೆಂಪು ಗೆರೆ ಎಳೆದು, ಬಹುವಚನದಲ್ಲಿ ಕರೆದು, ಗೇಟಿನವರೆಗೆ ಬಿಟ್ಟು ಬರಬೇಕು. ಮುಂದಿನ ಸೋಮವಾರದಿಂದ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ನಮ್ಮದು ಮಂಡಕ್ಕಿ ಊರು. ಮೂವತ್ತು ಭಟ್ಟಿಗಳಿವೆ, ಎಲ್ಲ ಭಟ್ಟಿಗಳಿಗೂ ಕೈ ಬೇಕು.

ಹೀಗಾಗಿ ನಮ್ಮೂರಿನ ದೊಡ್ಡವರಿಗೆಲ್ಲ ಪಾಠ ಅರ್ಧಕ್ಕೇ ನಿಂತಿದೆ. ಭಟ್ಟಿಯ ರುದ್ರಮುನಿಗೆ ನದಿಗಳ ಪಾಠ ಓದುವಾಗ ಗುಬ್ಬಿ ಬಿಟ್ಟಿತು. ಐದು ನದಿ ಎಲ್ಲಿ ಹುಟ್ಟುತ್ತವೆ ಅಂತ ಅವನಿಗೆ ಗೊತ್ತು, ಒಂದೂ ಎಲ್ಲಿ ಹೋಗಿ ಸೇರುತ್ತದೆ ಅಂತ ಗೊತ್ತಿಲ್ಲ. ಅವನ ಹೆಂಡತಿ ದಾಕ್ಷಾಯಣಿ ಭಾಗಾಕಾರದ ನಡುವೆ ಎದ್ದು ಹೋದವಳು. ಕ್ಷೌರದ ತಿಮ್ಮಣ್ಣನಿಗೆ ದೇಹದ ಭಾಗಗಳ ಪಾಠ ಕುತ್ತಿಗೆಗೆ ನಿಂತಿತು, ಅದಕ್ಕೇ ಅವನು ಆ ಕಸುಬಿಗೆ ಹೋದ ಅಂತ ಊರವರು ತಮಾಷೆ ಮಾಡುತ್ತಾರೆ. ನನ್ನ ಗುಬ್ಬಿಗಳು ಮಾತ್ರ ಹದಿನಾಲ್ಕು ದಾಟುವವರೆಗೆ ನನ್ನನ್ನು ಬಿಡಲಿಲ್ಲ. ಜೊತೆಯವರೆಲ್ಲ ದೊಡ್ಡವರಾಗಿ ನನ್ನನ್ನು ನೋಡಿ ನಗುತ್ತಿದ್ದರು. ಆದರೆ ಏಳನೇ ಕ್ಲಾಸು ಪೂರ್ತಿ ಮುಗಿಸಿದ್ದು ಇಡೀ ಊರಿನಲ್ಲಿ ನಾನೊಬ್ಬಳೇ ಆದ್ದರಿಂದ ಟೀಚರ್ ಕೆಲಸ ನನಗೇ ಬಂತು. ಇಪ್ಪತ್ತೊಂಬತ್ತು ವರ್ಷವಾಯಿತು. ನಿಯಮದಲ್ಲಿ ನಾನು ಬಲು ಕಟ್ಟುನಿಟ್ಟು ಅಂತ ಹೆಸರು ಮಾಡಿದ್ದೆ, ಆ ಹೆಸರಿನ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಆ ಜಂಬ ಇಳಿದದ್ದು ಒಂದು ಬುಧವಾರ. ಎರಡನೇ ಸಾಲಿಗೆ 'ಇರುವೆಯ ಮದುವೆ ದಿಬ್ಬಣ' ಪಾಠ ಓದಿಸುತ್ತಿದ್ದೆ. ಆ ವರ್ಷವಷ್ಟೇ ಬಂದ ಹೊಸ ಪುಸ್ತಕ. ಓದುತ್ತಿದ್ದವಳು ರುದ್ರಮುನಿ ಮತ್ತು ದಾಕ್ಷಾಯಣಿಯ ಮಗಳು ಚೆಲುವಿ. ಹಾಜರಿ ಪುಸ್ತಕದಲ್ಲಿ ಚೆಲುವಾಂಬ. ಏಳು ವರ್ಷ ಮೂರು ತಿಂಗಳು, ಮುಂದಿನ ಎರಡು ಹಲ್ಲು ಬಿದ್ದಿದ್ದವು. "ದಿಬ್ಬಣ ಹಳ್ಳದ ದಡಕ್ಕೆ ಬಂತು. ಹಳ್ಳ ತುಂಬಿ ಹರಿಯುತ್ತಿತ್ತು" ಎಂದು ಅವಳು ಓದಿ ಉಸಿರು ತೆಗೆದುಕೊಂಡಳು. ಅಷ್ಟರಲ್ಲಿ ಅವಳ ನೆತ್ತಿಯ ಗುಬ್ಬಿ ಎದ್ದು ಕಿಟಕಿಯ ಸರಳಿನ ಮೇಲೆ ಕೂತಿತು. ಅದರ ಹಿಂದೆಯೇ ಹೆಗಲಿನ ಗುಬ್ಬಿಯೂ ಹಾರಿತು. ಎರಡೂ ಒಂದು ಸಲ ತಿರುಗಿ ನೋಡಿ, ಹೊರಗೆ ಹೋದವು.

ಆರನೇ ಸಾಲಿನ ಹುಡುಗರು ಕತ್ತು ಉದ್ದ ಮಾಡಿ ನೋಡಿದರು. ಚೆಲುವಿ ತಲೆಯ ಮೇಲೆ ಕೈ ಆಡಿಸಿಕೊಂಡಳು, ಹೆಗಲು ಮುಟ್ಟಿ ನೋಡಿಕೊಂಡಳು. "ಟೀಚರ್, ಬರ್ತಾವೆ ತಡೀರಿ," ಅಂದಳು. ನಾವು ಐದು ನಿಮಿಷ ಕಾದೆವು. ಬರಲಿಲ್ಲ. ಹತ್ತಿರ ಹೋಗಿ ನಿಂತೆ. ನನ್ನ ಮೂಗು ಮೋಸ ಹೋಗುವುದಲ್ಲ. ಬಿಸಿಲಲ್ಲಿ ಮೂಟೆ ಹೊತ್ತವರ ಬಳಿ ಬರುವ ವಾಸನೆ ಈ ಗೇಣುದ್ದದ ಹುಡುಗಿಯ ಫ್ರಾಕಿನಿಂದ ಬರುತ್ತಿತ್ತು. ಹಣೆಯ ಮೇಲೆ ಎರಡು ಸಣ್ಣ ಮೊಡವೆ ಇದ್ದವು. ನಿನ್ನೆಯಷ್ಟೇ ಎರೆದುಕೊಂಡಿದ್ದ ಕೂದಲು ಎಣ್ಣೆ ಹಚ್ಚಿದ ಹಾಗೆ ಮೆತ್ತಿಕೊಂಡಿತ್ತು.

ನಾನು ಏನು ಮಾಡಬೇಕಿತ್ತೋ ಅದನ್ನೇ ಮಾಡಿದೆ. ಗಂಟೆ ಬಾರಿಸಿದೆ, ಕೆಂಪು ಗೆರೆ ಎಳೆದೆ. "ಚೆಲುವಾಂಬನವರೇ, ಬನ್ನಿ," ಎಂದೆ. ಅವಳು ಯಾರನ್ನು ಕರೆಯುತ್ತಿದ್ದೇನೆ ಎಂದು ಹಿಂದಕ್ಕೆ ತಿರುಗಿ ನೋಡಿದಳು. ಗೇಟಿನ ಬಳಿ ನಾನು ಕೈ ಮುಗಿದಾಗ ಅವಳೂ ಕೈ ಮುಗಿದು, "ಟೀಚರ್, ಇರುವೆ ಹಳ್ಳ ದಾಟ್ತಾವಾ?" ಎಂದು ಕೇಳಿದಳು. ದೊಡ್ಡವರಿಗೆ ಪಾಠ ಹೇಳುವ ಹಾಗಿಲ್ಲ. "ಹೋಗಿ ಬನ್ನಿ," ಎಂದಷ್ಟೇ ಹೇಳಿ ಒಳಗೆ ಬಂದೆ. ಅವತ್ತು ಊಟವೂ ಚೆನ್ನಾಗಿಯೇ ಸೇರಿತು. ಇದನ್ನು ಮುಚ್ಚಿಡುವುದಿಲ್ಲ.

ಸಂಜೆಯ ಹೊತ್ತಿಗೆ ಮಾತ್ರ ಮನೆಯಲ್ಲಿ ಕೂರಲಾಗಲಿಲ್ಲ. ಅವಳು ಬಿಟ್ಟು ಹೋಗಿದ್ದ ಸ್ಲೇಟು ಕೊಡುವ ನೆಪದಲ್ಲಿ ಅವರ ಮನೆಗೆ ಹೋದೆ. ದಾಕ್ಷಾಯಣಿ ಬಾಗಿಲಲ್ಲೇ ನಿಂತಿದ್ದಳು, ಒಳಗೆ ಬನ್ನಿ ಅನ್ನಲಿಲ್ಲ.

"ನಿಮಗೆ ಇವತ್ತು ಗೊತ್ತಾತು ಟೀಚರಮ್ಮ. ನಂಗೆ ಮೂರು ತಿಂಗಳಿಂದ ಗೊತ್ತೈತೆ," ಎಂದಳು. "ದಿನಕ್ಕೆ ಎಲ್ಡು ಸಲ ಕಡ್ಲೆಹಿಟ್ಟು ಹಚ್ಚಿ ಎರೀತಿದ್ದೆ. ನಿಂಬೆಹಣ್ಣು ತಿಕ್ಕುತಿದ್ದೆ. ಜಡೆ ಒಳಗೆ ನುಚ್ಚಕ್ಕಿ ಸಿಗಿಸಿ ಕಳಿಸ್ತಿದ್ದೆ, ಗುಬ್ಬಿ ಬಿಡಬಾರ್ದು ಅಂತ. ಏಳು ವರ್ಷದ ಕೂಸು ರೀ! ನೀವು ಒಂದು ಗಳಿಗೆ ನೋಡ್ದಂಗೆ ಇರಬೋದಿತ್ತು."

"ಎಲ್ಲಾ ಮಕ್ಕಳೂ ನೋಡಿದ್ರು ದಾಕ್ಷಾಯಣಿ. ನಾನೊಬ್ಬಳು ಕಣ್ಣು ಮುಚ್ಚಿಕೊಂಡರೆ ಆಗ್ತಿತ್ತಾ?"

"ಆಗ್ತಿತ್ತು. ಗಂಟೆ ಹಗ್ಗ ಇದ್ದಿದ್ದು ನಿಮ್ಮ ಕೈಯಾಗೆ."

ಒಳಗೆ ಚೆಲುವಿ ಗೋಡೆಗೆ ಒರಗಿ ಕೂತಿದ್ದಳು. ಮುಂದೆ ದೊಡ್ಡವರ ಲೋಟದಲ್ಲಿ ಕಾಫಿ. ನಿಯಮದ ಪ್ರಕಾರ ಇನ್ನು ಅವಳಿಗೆ ಹಾಲಿಲ್ಲ. ಅವಳಪ್ಪ ರುದ್ರಮುನಿ ಪಕ್ಕದಲ್ಲಿ ಕೂತು, "ಕುಡೀರಿ, ಆರೋಗ್ತೈತೆ," ಎಂದು ಹೇಳುತ್ತಿದ್ದ. ಆ ಬಹುವಚನ ಆಡುವಾಗ ಅವನು ಮಗಳ ಮುಖ ನೋಡುತ್ತಿರಲಿಲ್ಲ. ಅವಳು ಒಂದು ಗುಟುಕು ಕುಡಿದು, ಮುಖ ಹುಳ್ಳಗೆ ಮಾಡಿ, ಯಾರಿಗೂ ಬೇಜಾರಾಗಬಾರದೆಂದು ನುಂಗಿದಳು. ನಾನು ಸ್ಲೇಟನ್ನು ಹೊಸ್ತಿಲ ಮೇಲಿಟ್ಟು ಮನೆಗೆ ಬಂದೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ಈ ಮಗುವನ್ನು ಮತ್ತೆ ಆ ಎರಡನೇ ಸಾಲಿನಲ್ಲಿ ಕೂರಿಸದಿದ್ದರೆ ನಾನು ಟೀಚರೇ ಅಲ್ಲ ಎಂದು ಅವತ್ತು ತೀರ್ಮಾನಿಸಿಬಿಟ್ಟೆ.

ಮಾರನೆಯ ದಿನ ಗುರುವಾರ. ಗುರುವಾರ ಗುರುವಾರ ಹೊರಗಿನಿಂದ ಡಾಕ್ಟರ್ ಜುಬೇದಾ ತಮ್ಮ ವ್ಯಾನಿನಲ್ಲಿ ಬರುತ್ತಾರೆ. ಅವರ ಊರಿನಲ್ಲಿ ಗುಬ್ಬಿಗಳು ಮರದ ಮೇಲೆ ಕೂರುತ್ತವಂತೆ. ತಾಯಿ ಮಗಳಿಬ್ಬರನ್ನೂ ಕರೆದುಕೊಂಡು ಹೋದೆ. ಡಾಕ್ಟರಮ್ಮ ಚೆಲುವಿಯ ಎತ್ತರ ಅಳೆದರು, ತೂಕ ನೋಡಿದರು, ತಾಯಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಪೂರ್ತಿ ಪರೀಕ್ಷೆ ಮಾಡಿದರು. ವ್ಯಾನಿನಲ್ಲೇ ಎಡಗೈಯ ಎಕ್ಸ್‌ರೇ ತೆಗೆದರು. ರಕ್ತ ತೆಗೆದುಕೊಂಡು, ಮುಂದಿನ ವಾರ ಬನ್ನಿ ಎಂದರು. ಮುಂದಿನ ವಾರ ಕಾಗದಗಳನ್ನು ಹರಡಿಕೊಂಡು ಹೇಳಿದರು.

"ಭಯ ಪಡೋದು ಏನೂ ಇಲ್ಲ. ಕಿಡ್ನಿ ಮೇಲೆ ಟೋಪಿ ಹಾಕಿದ ಹಾಗೆ ಒಂದು ಚಿಕ್ಕ ಗ್ರಂಥಿ ಇರುತ್ತೆ, ಅಡ್ರಿನಲ್ ಅಂತ. ಎಲ್ಲರಲ್ಲೂ ಅದು ಒಂದು ವಯಸ್ಸಿಗೆ ಎಚ್ಚರ ಆಗುತ್ತೆ. ಇವಳಲ್ಲಿ ಸ್ವಲ್ಪ ಬೇಗ ಎಚ್ಚರ ಆಗಿದೆ, ಅಷ್ಟೇ. ಅದಕ್ಕೇ ಬೆವರಿನ ವಾಸನೆ, ಮೊಡವೆ, ಜಿಡ್ಡು ಕೂದಲು. ಬೇರೆ ಏನೂ ಶುರುವಾಗಿಲ್ಲ. ಕೈ ಮೂಳೆ ವಯಸ್ಸಿಗಿಂತ ಒಂದು ವರ್ಷ ಮುಂದಿದೆ, ಅದೂ ಪರವಾಗಿಲ್ಲ. ರಕ್ತದಲ್ಲಿ ಚಿಂತೆ ಮಾಡೋ ಅಂಥದ್ದು ಏನೂ ಸಿಗಲಿಲ್ಲ."

"ಔಷಧಿ ಡಾಕ್ಟರಮ್ಮ?" ದಾಕ್ಷಾಯಣಿ ಕೇಳಿದಳು.

"ಬೇಡ. ಆರು ತಿಂಗಳಿಗೊಂದು ಸಲ ಕರೆದುಕೊಂಡು ಬನ್ನಿ, ಬೆಳವಣಿಗೆ ನೋಡ್ತೀನಿ. ದಿನಾ ಸ್ನಾನ, ಒಗೆದ ಬಟ್ಟೆ. ನಿಂಬೆಹಣ್ಣು ತಿಕ್ಕಿ ತಿಕ್ಕಿ ಚರ್ಮ ಉರಿಸಬೇಡಿ." ಆಮೇಲೆ ಚೆಲುವಿಯ ಗಲ್ಲ ಹಿಡಿದು, "ಒಂದು ಗ್ರಂಥಿ ಬೇಗ ಎದ್ದಿತು ಅಂತ ಇಡೀ ಹುಡುಗಿ ದೊಡ್ಡವಳಾಗಲ್ಲಮ್ಮ. ನೀನು ಏಳು ವರ್ಷದವಳೇ," ಎಂದರು. ದಾಕ್ಷಾಯಣಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಲ್ಲೇ ಅತ್ತುಬಿಟ್ಟಳು. ಮೂರು ತಿಂಗಳಿಂದ ಮಗಳಿಗೆ ಏನಾಗಿದೆಯೋ ಎಂದು ಒಬ್ಬಳೇ ಹೊಟ್ಟೆಯಲ್ಲಿಟ್ಟುಕೊಂಡು ಕೊರಗಿದ್ದಳು ಪಾಪ. ನಾನು ಡಾಕ್ಟರಮ್ಮನಿಂದ ಒಂದು ಪತ್ರ ಬರೆಸಿಕೊಂಡು ನೇರವಾಗಿ ಊರಿನ ಯಜಮಾನರಾದ ಓಂಕಾರಪ್ಪನವರ ಮನೆಗೆ ಹೋದೆ.

ಓಂಕಾರಪ್ಪನವರು ಪತ್ರವನ್ನು ನನ್ನಿಂದಲೇ ಓದಿಸಿ ಕೇಳಿದರು. ಅವರು ಕೈಗಡಿಯಾರ ಕಟ್ಟುತ್ತಾರೆ, ಆದರೆ ಟೈಮು ಎಷ್ಟು ಎಂದು ಕೇಳಿದರೆ ಹತ್ತು ಗಂಟೆ, ಹನ್ನೊಂದು ಗಂಟೆ ಎನ್ನುತ್ತಾರೆಯೇ ಹೊರತು ನಡುವಿನದ್ದೇನೂ ಹೇಳುವುದಿಲ್ಲ. ದೊಡ್ಡ ಮನುಷ್ಯರ ಗತ್ತು ಅಂತ ಊರೆಲ್ಲ ಅಂದುಕೊಂಡಿತ್ತು.

"ಗ್ರಂಥಿ ಗಿಂಥಿ ನಂಗೆ ಗೊತ್ತಿಲ್ಲ ವಿಮಲಾಕ್ಷಮ್ಮ," ಎಂದರು. "ಗುಬ್ಬಿ ಬಿಟ್ಟೈತೋ ಇಲ್ವೋ?"

"ಬಿಟ್ಟಿದೆ. ಆದರೆ ಮಗುವಿಗೆ ಏಳು ವರ್ಷ."

"ನನ್ನ ಗುಬ್ಬಿ ಬಿಟ್ಟಾಗ ನಂಗೆಷ್ಟು ಗೊತ್ತಾ? ಎಂಟು." ಅವರ ದನಿ ಗಡುಸಾಯಿತು. "ಮೂರನೇ ಸಾಲಿನಾಗೆ ಕುಂತಿದ್ದೆ, ಗಡಿಯಾರದ ಪಾಠ ನಡೀತಿತ್ತು. ಸಣ್ಣ ಮುಳ್ಳು ಕಲಿತಿದ್ದೆ, ದೊಡ್ಡ ಮುಳ್ಳು ಇನ್ನೂ ಹೇಳಿಕೊಟ್ಟಿರ್ಲಿಲ್ಲ. ಎಬ್ಬಿಸಿ ಕಳಿಸಿದ್ರು. ನಾನೇನು ಸತ್ತೋದ್ನಾ? ಭಟ್ಟಿ ಕಾಯ್ದೆ, ಯಜಮಾನ ಆದೆ. ಚೆಲುವಾಂಬನವರೂ ಆಗ್ತಾರೆ ಬಿಡಿ."

ಐವತ್ತೆಂಟು ವರ್ಷದಿಂದ ಈ ಮನುಷ್ಯ ಅರ್ಧ ಗಡಿಯಾರ ಕಟ್ಟಿಕೊಂಡು ಓಡಾಡುತ್ತಿದ್ದರು. ಅಯ್ಯೋ ಅನ್ನಿಸಿತು, ಸಿಟ್ಟೂ ಬಂತು. ತಾನು ಉಂಡ ಕಹಿಯನ್ನೇ ಈ ಮಗುವಿಗೂ ಬಡಿಸಬೇಕೆಂಬ ಹಟ ಇದೆಂಥದ್ದು? ಆದರೆ ಹಾಗೆ ಅವರ ಮುಖಕ್ಕೇ ಹೇಳುವಷ್ಟು ಧೈರ್ಯ ನನಗಿರಲಿಲ್ಲ. ಪತ್ರ ಮಡಚಿಕೊಂಡು ಎದ್ದು ಬಂದೆ.

ಅಷ್ಟು ಹೊತ್ತಿಗೆ ಚೆಲುವಿ ಭಟ್ಟಿಗೆ ಹೋಗಲು ಶುರು ಮಾಡಿದ್ದಳು. ಜರಡಿ ಹಿಡಿಯುವ ಕಟ್ಟೆ ಅವಳ ಗಲ್ಲಕ್ಕೆ ಬರುತ್ತಿತ್ತು. ಎಣ್ಣೆ ಡಬ್ಬ ಬೋರಲು ಹಾಕಿ ಅದರ ಮೇಲೆ ನಿಲ್ಲಿಸಿದರು. ಬೆಂಕಿಯ ಹತ್ತಿರ ಬಿಡಲಿಲ್ಲ, ಅಷ್ಟರ ಮಟ್ಟಿಗೆ ಭಟ್ಟಿಯವರು ಒಳ್ಳೆಯವರು. "ಚೆಲುವಾಂಬನವರೇ, ಆ ಮೊರ ಕೊಡ್ರಿ" ಅನ್ನುತ್ತಿದ್ದರು, ಅವಳು ಕೊಡುತ್ತಿದ್ದಳು. ಸಂಜೆ ನಾಲ್ಕಕ್ಕೆ ಶಾಲೆ ಬಿಟ್ಟ ಮಕ್ಕಳು ಭಟ್ಟಿಯ ಮುಂದೆ ಹಾದು ಹೋಗುವಾಗ ಅವಳು ಕೈ ಬೀಸಿದರೆ, ಅವು ದೊಡ್ಡವರಿಗೆ ಮಾಡುವ ಹಾಗೆ ನಮಸ್ಕಾರ ಮಾಡಿ ಓಡುತ್ತಿದ್ದವು. ಅವಳ ಪಕ್ಕದ ಬೆಂಚಿನ ಗೆಳತಿ ಒಂದು ದಿನ ಹಾಗೆಯೇ ನಮಸ್ಕಾರ ಮಾಡಿದಳಂತೆ. ಅವತ್ತು ಚೆಲುವಿ ಮನೆಗೆ ಬಂದು ರೊಟ್ಟಿ ಮುಟ್ಟಲಿಲ್ಲ ಎಂದು ದಾಕ್ಷಾಯಣಿ ಹೇಳಿದಳು.

ಹಾಗಂತ ಆ ಹುಡುಗಿ ಮೂಲೆ ಹಿಡಿದು ಕೂರುವ ಪೈಕಿ ಅಲ್ಲ. ಜರಡಿ ಹಿಡಿದು ಹಿಡಿದು ಬೇಜಾರಾದಾಗ ಬಾಯಿ ಶುರು ಮಾಡುತ್ತಿದ್ದಳು. ಚೀಲದ ಮೇಲೆ ಬರೆದದ್ದನ್ನು ಓದುತ್ತಿದ್ದಳು. ಇರುವೆ ದಿಬ್ಬಣದ ಪಾಠವನ್ನು ಮೊದಲಿಂದ ಹೇಳುತ್ತಿದ್ದಳು. ಮದುಮಗಳು ಕೆಂಪಿರುವೆ, ಮದುಮಗ ಕಟ್ಟಿರುವೆ, ಓಲಗದವರು ಗೊದ್ದ ಇರುವೆಗಳು. ಹಳ್ಳದ ದಡಕ್ಕೆ ಬಂದ ಮೇಲೆ ನಿಲ್ಲಿಸುತ್ತಿದ್ದಳು.

"ಮುಂದೆ?" ಎಂದು ಮರಳಿನಲ್ಲಿ ಮಂಡಕ್ಕಿ ಹುರಿಯುವವರು ಕೇಳುತ್ತಿದ್ದರು.

"ನಂಗೊತ್ತಿಲ್ಲ. ಅಷ್ಟೊತ್ತಿಗೆ ಗುಬ್ಬಿ ಬಿಡ್ತು."

"ನಂದೂ ಹಂಗೇ ಆತು ಬಿಡ್ರಿ," ಎಂದು ಒಬ್ಬೊಬ್ಬರೂ ತಮ್ಮ ತಮ್ಮ ಪಾಠ ಎಲ್ಲಿಗೆ ನಿಂತಿತೆಂದು ಹೇಳತೊಡಗಿದರು. ನಲವತ್ತು ಐವತ್ತು ವರ್ಷದಿಂದ ತಮಾಷೆಗಲ್ಲದೆ ಯಾರೂ ಯಾರಿಗೂ ಹೇಳದೆ ಇದ್ದ ಸಂಗತಿಗಳು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನ್ನ ತಲೆಯಲ್ಲಿ ಬೇರೆಯೇ ಉಪಾಯ ಓಡುತ್ತಿತ್ತು.

ಹುಣ್ಣಿಮೆಯ ಬೆಳಿಗ್ಗೆ ದೊಡ್ಡ ಭಟ್ಟಿಯ ಅಂಗಳದಲ್ಲಿ ಊರು ಸೇರುತ್ತದೆ. ಆ ತಿಂಗಳು ಹೊಸದಾಗಿ ದೊಡ್ಡವರಾದವರು ಕಲ್ಲಿನ ಮೇಲೆ ನಿಂತು ಒಂದು ಮಾತು ಕೇಳುತ್ತಾರೆ. ಮೊದಲ ಮಾತು ಅಂತ ಅದರ ಹೆಸರು. ಅವರು ಏನು ಕೇಳಿದರೂ ಊರು ಇಲ್ಲ ಎನ್ನುವಂತಿಲ್ಲ, ಮಾಡಿ ತೀರಲೇಬೇಕು. ಬಾವಿಯ ರಾಟೆ, ಬಸ್ ನಿಲ್ಲುವಲ್ಲಿ ನೆರಳು, ಎಮ್ಮೆಗಳಿಗೆ ನೀರಿನ ತೊಟ್ಟಿ, ಎಲ್ಲವೂ ಯಾರದೋ ಮೊದಲ ಮಾತಿನಿಂದ ಬಂದದ್ದು. ಯಾವ ಹುಡುಗನೂ ತಲೆಹರಟೆ ಕೇಳದಂತೆ ಮುಂಚಿತವಾಗಿ ಹೇಳಿಕೊಡುವ ಕೆಲಸ ನನ್ನದು. ಇಪ್ಪತ್ತೊಂಬತ್ತು ವರ್ಷ ನಾನು ಹೇಳಿಕೊಟ್ಟದ್ದನ್ನೇ ಅವರೆಲ್ಲ ಕೇಳಿದ್ದಾರೆ. ಈ ಸಲ ನಾನು ಚೆಲುವಿಗೆ, "ಹನ್ನೆರಡು ತುಂಬದೆ ಯಾರೂ ದೊಡ್ಡವರಲ್ಲ, ಗುಬ್ಬಿ ಬಿಟ್ಟರೂ ಅಲ್ಲ" ಎಂಬ ಮಾತನ್ನು ಬಾಯಿಪಾಠ ಮಾಡಿಸಿದೆ. ಹಲ್ಲಿಲ್ಲದ ಬಾಯಲ್ಲಿ ಹತ್ತು ಸಲ ತಪ್ಪಿ, ಹನ್ನೊಂದನೆಯ ಸಲ ಸರಿಯಾಗಿ ಹೇಳಿದಳು. ಗೆದ್ದೆ ಅಂದುಕೊಂಡೆ.

ಹುಣ್ಣಿಮೆಯ ದಿನ ಅಂಗಳ ತುಂಬಿತ್ತು. ಆ ತಿಂಗಳು ಗುಬ್ಬಿ ಬಿಟ್ಟವಳು ಚೆಲುವಿ ಒಬ್ಬಳೇ. ಅವಳಮ್ಮನ ಹಳೆಯ ದಾವಣಿಯನ್ನು ಎರಡು ಮಡಿಕೆ ಮಾಡಿ ಸುತ್ತಿದ್ದರು, ಅದು ಕಾಲಿಗೆ ತೊಡರುತ್ತಿತ್ತು. ರುದ್ರಮುನಿ ಎತ್ತಿ ಕಲ್ಲಿನ ಮೇಲೆ ನಿಲ್ಲಿಸಿದ. ಅವಳು ಬಾಯಿ ತೆರೆಯುವ ಮೊದಲೇ ಓಂಕಾರಪ್ಪನವರು ಎದ್ದರು.

"ಒಂದು ಮಾತು ಮೊದಲೇ ಹೇಳಿಬಿಡ್ತೀನಿ," ಎಂದರು, ನನ್ನ ಕಡೆ ನೋಡಿ. "ಮೊದಲ ಮಾತು ಊರಿಗಾಗಿ ಕೇಳೋದು. ತನಗಾಗಿ ಕೇಳಂಗಿಲ್ಲ. ಗುಬ್ಬಿ ವಿಷಯ ಎತ್ತಂಗಿಲ್ಲ, ವಯಸ್ಸಿನ ವಿಷಯ ಎತ್ತಂಗಿಲ್ಲ. ಅದು ಹಿರಿಯರು ಮಾಡಿಟ್ಟದ್ದು. ಅವೆಲ್ಡು ಬಿಟ್ಟು ಏನು ಬೇಕಾದ್ರೂ ಕೇಳ್ಲಿ. ನಡೆಸಿಕೊಡ್ತೀವಿ ಅಂತ ನಾನೇ ಮಾತು ಕೊಡ್ತೀನಿ."

ನಾನು ಹೇಳಿಕೊಟ್ಟದ್ದೆಲ್ಲ ನೀರಿನಲ್ಲಿ ಹೋಮವಾಯಿತು. ದಾಕ್ಷಾಯಣಿ ನನ್ನ ಕೈ ಹಿಡಿದಿದ್ದವಳು ಬಿಟ್ಟುಬಿಟ್ಟಳು. ಈಗ ಆ ಮಗು ಕಲ್ಲಿನ ಮೇಲೆ ನಿಂತು ಏನು ಕೇಳೀತು? ಬೊಂಬೆ ಕೇಳೀತು, ಮಿಠಾಯಿ ಕೇಳೀತು. ಊರೆಲ್ಲ ನಕ್ಕು, ಮಿಠಾಯಿ ಹಂಚಿ, ನಾಳೆ ಬೆಳಿಗ್ಗೆ ಮತ್ತೆ ಜರಡಿಗೆ ಕಳಿಸುತ್ತದೆ. ಆಮೇಲೆ ಇನ್ನು ಯಾವ ದಾರಿಯೂ ಇಲ್ಲ. ಮೊದಲ ಮಾತು ಒಬ್ಬರಿಗೆ ಒಂದೇ ಸಲ.

ಚೆಲುವಿ ನನ್ನನ್ನು ನೋಡಿದಳು. ನಾನು ಕೈ ಚೆಲ್ಲಿದೆ. ಅವಳು ದಾವಣಿಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದುಕೊಂಡಳು, ಮತ್ತೆ ಯಜಮಾನರ ಕಡೆ ತಿರುಗಿದಳು.

"ನಂಗೆ ಅಂತ ಕೇಳಂಗಿಲ್ವಾ?"

"ಇಲ್ಲ ಚೆಲುವಾಂಬನವರೇ."

"ಎಲ್ರಿಗೂ ಅಂತ ಕೇಳಬೋದಾ?"

"ಕೇಳ್ರಿ."

"ಹಂಗಾರೆ ಎಲ್ರೂ ಶಾಲೆಗೆ ಹೋಗ್ಬೇಕು," ಎಂದಳು ಚೆಲುವಿ. "ದೊಡ್ಡೋರು ಎಲ್ರೂ. ಎಲ್ರ ಪಾಠನೂ ಅರ್ಧಕ್ಕೇ ನಿಂತೈತೆ. ಅಪ್ಪಂಗೆ ನದಿ ಎಲ್ಲಿ ಹೋಗ್ತಾವೆ ಗೊತ್ತಿಲ್ಲ. ಅಮ್ಮಂಗೆ ಭಾಗಾಕಾರ ಮುಗ್ಸಕೆ ಬರಲ್ಲ. ಹುರಿಯೋ ಗಂಗಣ್ಣಂಗೆ ಪದ್ಯದ ಕೊನೇ ಸಾಲು ಗೊತ್ತಿಲ್ಲ, ಅವರು ದಿನಾ ಮೊದಲಿನ ಮೂರು ಸಾಲು ಹಾಡ್ತಾರೆ. ಅವರವರು ಎಲ್ಲಿಗೆ ಬಿಟ್ಟಿದ್ರೋ ಅದೇ ಸಾಲಿನಾಗೆ ಕುಂತು ಪೂರ್ತಿ ಮುಗಿಸ್ಬೇಕು. ದಿನಾ ಹೋಗ್ಬೇಕು. ಆಟದ ಪಿರಿಯಡ್ಡೂ ಸೇರಿ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಕ್ಷೌರದ ತಿಮ್ಮಣ್ಣ ಗೊಳ್ಳೆಂದು ನಕ್ಕ. ಅವನ ಹಿಂದೆ ಇನ್ನೂ ನಾಲ್ಕು ಜನ ನಕ್ಕರು. ಆ ನಗು ಅಷ್ಟಕ್ಕೇ ನಿಂತಿತು, ಏಕೆಂದರೆ ಗಂಗಣ್ಣ ಅಳುತ್ತಿದ್ದ. ಅರವತ್ತು ದಾಟಿದ ಆಸಾಮಿ, ಮರಳಿನ ಕಾವಿಗೆ ಹುಬ್ಬು ಸುಟ್ಟುಕೊಂಡವನು, ಹೆಗಲ ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತ, "ಒಂದೇ ಒಂದು ಸಾಲು ಕಣ್ರಿ," ಎನ್ನುತ್ತಿದ್ದ. ಅಂಗಳದಲ್ಲಿ ಗುಜುಗುಜು ಎದ್ದಿತು. "ನಂದು ಭೂಪಟ," ಎಂದರು ಯಾರೋ. "ನಂದು ಪತ್ರ ಬರೆಯೋದು, ವಿಳಾಸದವರೆಗೆ ಬಂದಿದ್ದೆ," ಎಂದಳು ಒಬ್ಬ ಮುದುಕಿ. ದಾಕ್ಷಾಯಣಿ ನನ್ನ ಪಕ್ಕದಲ್ಲಿ ನಿಂತು ಬೆರಳು ಮಡಿಸುತ್ತ ಏನನ್ನೋ ಲೆಕ್ಕ ಹಾಕುತ್ತಿದ್ದಳು.

ಓಂಕಾರಪ್ಪನವರ ಮುಖ ಕೆಂಪಾಯಿತು. "ಇದು ಹೆಂಗಾಗ್ತೈತೆ? ದೊಡ್ಡೋರಿಗೆ ಪಾಠ ಹೇಳಂಗಿಲ್ಲ ಅಂತ ನಿಯಮ ಐತೆ."

ನನಗೆ ಎಲ್ಲಿಂದ ಧೈರ್ಯ ಬಂತೋ, ನಾನು ನುಗ್ಗಿ ಕಲ್ಲಿನ ಪಕ್ಕಕ್ಕೆ ಹೋಗಿ ನಿಂತೆ. "ಮೊದಲ ಮಾತಿಗಿಂತ ದೊಡ್ಡ ನಿಯಮ ಈ ಊರಲ್ಲಿ ಯಾವುದಿದೆ ಯಜಮಾನರೇ? ಅವರು ತಮಗಾಗಿ ಕೇಳಲಿಲ್ಲ. ಗುಬ್ಬಿಯ ನಿಯಮ ಬದಲಾಯಿಸಿ ಅನ್ನಲಿಲ್ಲ, ವಯಸ್ಸಿನ ಮಾತೂ ಎತ್ತಲಿಲ್ಲ. ನೀವು ಹಾಕಿದ ಗೆರೆ ದಾಟದೆಯೇ ಕೇಳಿದ್ದಾರೆ. ನಡೆಸಿಕೊಡ್ತೀವಿ ಅಂತ ಈಗತಾನೆ ಎಲ್ಲರೆದುರು ಮಾತು ಕೊಟ್ಟವರು ನೀವೇ."

"ಭಟ್ಟಿ ಕೆಲಸ ಯಾರು ಮಾಡ್ತಾರೆ?"

"ಹತ್ತರಿಂದ ಒಂದರ ತನಕ ಭಟ್ಟಿ ಆರಿಸ್ತೀವಿ," ಎಂದ ರುದ್ರಮುನಿ ಹಿಂದಿನಿಂದ. "ಆರಿಸಿದ್ರೆ ಮಂಡಕ್ಕಿ ಏನು ಓಡಿಹೋಗ್ತಾವಾ?"

"ಆರಿಸ್ತೀವಿ!" ಎಂದು ಇಡೀ ಅಂಗಳ ಕೂಗಿತು. ಮೂವತ್ತು ಭಟ್ಟಿಯವರೂ ಕೂಗಿದರು. ಓಂಕಾರಪ್ಪನವರು ಸುತ್ತ ನೋಡಿದರು. ಅಭ್ಯಾಸ ಬಲದಿಂದ ಕೈ ಎತ್ತಿ ಗಡಿಯಾರ ನೋಡಿಕೊಂಡರು. ಬಹಳ ಹೊತ್ತು ನೋಡಿದರು. ಅವರ ಕಣ್ಣು ಆ ದೊಡ್ಡ ಮುಳ್ಳಿನ ಮೇಲೇ ಇತ್ತು ಅಂತ ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಆಮೇಲೆ ಗಂಟಲು ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ, "ಸೋಮವಾರದಿಂದ," ಎಂದರು.

ಜನ ಚೆಲುವಿಯನ್ನು ಕಲ್ಲಿನಿಂದ ಇಳಿಯಲು ಬಿಡಲಿಲ್ಲ, ಹೆಗಲಿನಿಂದ ಹೆಗಲಿಗೆ ದಾಟಿಸಿ ಅವಳಮ್ಮನ ಕೈಗೆ ತಲುಪಿಸಿದರು. ದಾಕ್ಷಾಯಣಿ ಆ ಮಗುವಿನ ಬೆವರಿದ ಕತ್ತಿನಲ್ಲಿ ಮುಖ ಹುದುಗಿಸಿ ಎಷ್ಟೋ ಹೊತ್ತು ತೆಗೆಯಲಿಲ್ಲ. ನನಗೂ ಕಣ್ಣು ತುಂಬಿ ಬಂದಿತ್ತು. ಸೋತಿದ್ದೆ ನಾನು, ಇಪ್ಪತ್ತೊಂಬತ್ತು ವರ್ಷದ ಅನುಭವವೆಲ್ಲ ಸೋತಿತ್ತು. ಹೀಗೆ ಸೋತು ಇಷ್ಟು ಖುಷಿಯಾದದ್ದು ಅದೇ ಮೊದಲು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮೂವತ್ತು ಭಟ್ಟಿಗಳ ಹೊಗೆ ನಿಂತಿತು. ಶಾಲೆಯ ಗೇಟಿನ ಮುಂದೆ ಸಾಲು ಬಸ್ ನಿಲ್ದಾಣದವರೆಗೆ ಇತ್ತು. ಅವರವರ ಸಾಲು ಹುಡುಕಿ ಕೂರಿಸುವುದರೊಳಗೆ ನನಗೆ ಸಾಕು ಸಾಕಾಯಿತು. ಬೆಂಚು ಸಾಲದೆ ನೆಲದ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಅಂಗಳದ ತನಕ ಕೂತರು. ಮಕ್ಕಳ ಗುಬ್ಬಿಗಳು ಆ ವಾಸನೆಗೆ ಗಾಬರಿಯಾಗಿ ಜಂತೆ ಹತ್ತಿ ಕೂತವು. ಸ್ವಲ್ಪ ಹೊತ್ತಿಗೆ ಬೇರೆ ದಾರಿಯಿಲ್ಲದೆ ಇಳಿದು ಬಂದು ತಮ್ಮ ತಮ್ಮ ಮಕ್ಕಳ ನೆತ್ತಿ ಹುಡುಕಿಕೊಂಡವು. ಐದನೇ ಸಾಲಿನಲ್ಲಿ ದಾಕ್ಷಾಯಣಿ ಇಪ್ಪತ್ತೈದು ವರ್ಷದ ಹಿಂದೆ ಬಿಟ್ಟ ಲೆಕ್ಕಕ್ಕೆ ಶೇಷ ಬರೆದಳು, ಮೂರು. ಬರೆದು, ಸ್ಲೇಟನ್ನು ಪಕ್ಕದವರಿಗೆ, ಹಿಂದಿನವರಿಗೆ, ಕೊನೆಗೆ ಕಿಟಕಿಯ ಹೊರಗೆ ಕೂತಿದ್ದವರಿಗೂ ತೋರಿಸಿದಳು. ಎರಡನೇ ಸಾಲಿನಲ್ಲಿ ಚೆಲುವಿ ಬೂದು ಯೂನಿಫಾರಂ ಹಾಕಿಕೊಂಡು, ಗೆಳತಿಯ ಪಕ್ಕ ಒತ್ತಿಕೊಂಡು ಕೂತಿದ್ದಳು. ಗೆಳತಿ ಮೊದಲು ಸ್ವಲ್ಪ ಸಂಕೋಚಪಟ್ಟಳು, ಹತ್ತೇ ನಿಮಿಷಕ್ಕೆ ಇಬ್ಬರೂ ಒಂದು ಪೆನ್ಸಿಲ್ಲಿಗೆ ಜಗಳವಾಡುತ್ತಿದ್ದರು. ನಾನು ಬೇಕೆಂದೇ ಗದರಲಿಲ್ಲ. ಜಗಳ ಮುಗಿದ ಮೇಲೆ ಚೆಲುವಿ ಹಳ್ಳದ ದಡದಿಂದ ಮುಂದಕ್ಕೆ ಓದಿದಳು, ಇರುವೆಗಳ ದಿಬ್ಬಣ ಎಲೆ ಹತ್ತಿ ಹಳ್ಳ ದಾಟಿತು.

ಹನ್ನೆರಡೂವರೆಗೆ ಆಟದ ಪಿರಿಯಡ್ಡು. ಮೊದಲ ಮಾತಿನಲ್ಲಿ ಅದೂ ಸೇರಿದ್ದರಿಂದ ಯಾರೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಅಂಗಳದಲ್ಲಿ ಮಕ್ಕಳು ಕುಂಟಾಬಿಲ್ಲೆಯ ಮನೆ ಬರೆದಿದ್ದರು. ಮೂರನೇ ಸಾಲಿನವರ ಸರದಿ ಬಂದಾಗ ಓಂಕಾರಪ್ಪನವರು ಪಂಚೆ ಎತ್ತಿ ಕಟ್ಟಿ, ಬಿಲ್ಲೆ ಎಸೆದು, ಒಂಟಿ ಕಾಲಿನಲ್ಲಿ ಹಾರಿದರು. ಒಂದು ಮನೆ, ಎರಡು ಮನೆ, ಮೂರು ಮನೆ. ಇಡೀ ಊರು ಉಸಿರು ಬಿಗಿಹಿಡಿದು ನೋಡುತ್ತಿತ್ತು. ನಾಲ್ಕನೇ ಮನೆಯಲ್ಲಿ ಅವರ ಕಾಲು ಓಲಾಡಿತು.

"ಔಟ್!" ಎಂದು ಚೆಲುವಿ ಕಿರುಚಿದಳು. "ಗೆರೆ ತುಳಿದ್ರಿ!"

"ಎಲ್ಲಿ ತುಳಿದೆ? ಹೆಬ್ಬೆರಳು ಒಳಗೇ ಐತೆ, ನೋಡು!"

"ಹಿಮ್ಮಡಿ ನೋಡ್ಕಳ್ಳಿ! ಔಟ್ ಅಂದ್ರೆ ಔಟ್!"

ಇಬ್ಬರೂ ಸೊಂಟದ ಮೇಲೆ ಕೈಯಿಟ್ಟುಕೊಂಡು, ನ್ಯಾಯ ಹೇಳಿ ಎಂದು ನನ್ನ ಕಡೆ ತಿರುಗಿದರು. ನಾನು ಬಗ್ಗಿ ಗೆರೆಯನ್ನು ನೋಡಿದೆ, ಯಜಮಾನರ ಹಿಮ್ಮಡಿಯನ್ನು ನೋಡಿದೆ. ಮತ್ತೆ ಎದ್ದು ನಿಂತು, ಮೂವತ್ತು ಭಟ್ಟಿಗಳಿಗೂ ಕೇಳುವಷ್ಟು ಗಟ್ಟಿಯ ದನಿಯಲ್ಲಿ ಹೇಳಿದೆ:

"ಓಂಕಾರಪ್ಪ ಔಟ್. ಈಗ ಚೆಲುವಿಯ ಸರದಿ."